ಕಾಫಿ ಕಣದಲ್ಲಿ ಮೇಫ್ಲವರ್

ಜೂನ್ ಮೊದಲ ವಾರ ಆ ಬಾಕ್ಸ್ ಬಂತು. ನನ್ನ ಗಂಡನ ಆಫೀಸಿನವರೊಬ್ಬರು ಬಾಸ್ಟನ್ನಿನಿಂದ ರಜೆಗೆ ಬಂದಿದ್ದರು. ಅವರ ಸೂಟ್‌ಕೇಸಿನಲ್ಲಿ ಬೆಂಗಳೂರಿನವರೆಗೆ, ಅಲ್ಲಿಂದ ಬಸ್ ಪಾರ್ಸೆಲ್‌ನಲ್ಲಿ ಕೊಡಗಿನ ಸುಂಟಿಕೊಪ್ಪಕ್ಕೆ. ಮಾವ ಹೋಗಿ ಬಿಡಿಸಿಕೊಂಡು ಬಂದರು. ಜೀಪಿನಿಂದ ಇಳಿಸುತ್ತಾ, "ಏನಮ್ಮಾ ಇದು, ಗ್ರೈಂಡರಾ?" ಅಂದರು. ಅಷ್ಟು ಭಾರ. ಒಳಗಿದ್ದದ್ದು ಅಮೆರಿಕದ ಚರಿತ್ರೆ.

ನಮ್ಮ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುಂಟಿಕೊಪ್ಪದಲ್ಲಿ ಇದನ್ನೆಲ್ಲ ಯಾಕೆ ಓದಿಸುತ್ತಾಳೆ ಅಂತ ಅನ್ನಿಸುತ್ತದೆ. ಅತ್ತೆಗೆ ಎರಡೂ ಮಂಡಿ ಆಪರೇಷನ್ ಆಗಬೇಕಿತ್ತು. ಅದಕ್ಕೆ ನಾನು ಇಬ್ಬರು ಮಕ್ಕಳನ್ನು ಕರೆದುಕೊಂಡು ಒಂದು ವರ್ಷಕ್ಕೆ ಊರಿಗೆ ಬಂದೆ. ಮಗಳಿಗೆ 10, ಮಗನಿಗೆ 7. ಮುಂದಿನ ಬೇಸಿಗೆಗೆ ಬಾಸ್ಟನ್ನಿಗೆ ವಾಪಸ್. ಒಂದು ವರ್ಷದ ಮಟ್ಟಿಗೆ ಇಲ್ಲಿ ಶಾಲೆಗೆ ಸೇರಿಸಿ ಬಿಡಿಸುವ ರಗಳೆ ಬೇಡ ಅಂತ ಮನೆಯಲ್ಲೇ ಕಲಿಸುತ್ತಿದ್ದೇನೆ. ಗಣಿತ, ವಿಜ್ಞಾನ ಹೇಗೋ ಆಗುತ್ತದೆ. ಕನ್ನಡ ಮಾವನ ಪಾಲು. ಆದರೆ ಅಲ್ಲಿಗೆ ಹೋದ ಕೂಡಲೇ ಮಗಳ ಕ್ಲಾಸಿನಲ್ಲಿ ಜೇಮ್ಸ್‌ಟೌನ್, ಪ್ಲಿಮತ್, 13 ವಸಾಹತು ಅಂತ ಶುರು ಮಾಡುತ್ತಾರೆ, ಅಂದರೆ ಇಂಗ್ಲಿಷರು ಅಮೆರಿಕಕ್ಕೆ ಹೋಗಿ ನೆಲೆಯೂರಿದ ಕಥೆ. ನನಗೆ ಅದರ ಗಂಧಗಾಳಿಯೂ ಇರಲಿಲ್ಲ. ನಾನು ಓದಿದ್ದು ಮಡಿಕೇರಿಯಲ್ಲಿ, ಪಾಣಿಪತ್ ಕದನ ಮೂರು ಸಲ ಬಾಯಿಪಾಠ ಮಾಡಿ.

ಹಾಗಾಗಿ ಈ ಬಾಕ್ಸ್. ಬೆಲೆ 94 ಡಾಲರ್, ನಮ್ಮ ಲೆಕ್ಕದಲ್ಲಿ 8,000 ರೂಪಾಯಿಯ ಹತ್ತಿರ. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಬೈಗುಳವೂ ಇದೆ, ಸುಮ್ನೆ ಯಾಕೆ. ಮನೆಯಲ್ಲಿ ಕಲಿಸುವವರಿಗೆ ಅಂತ ಅಮೆರಿಕದಲ್ಲಿ ಇಂಥ ಬಾಕ್ಸ್ ತುಂಬಾ ಸಿಗುತ್ತವೆ. ತಿರುಗಿ ಊರಿಗೆ ಬಂದವರು, ಹೋಗಲಿರುವವರು ಕೊಳ್ಳುವ ಮುಂಚೆ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬಾಕ್ಸಿನಲ್ಲಿ ಇದ್ದದ್ದು ಇಷ್ಟು. 24 ವಾರದ ಪಾಠದ ಪುಸ್ತಕ, ತಾಯಂದಿರಿಗೆ ಒಂದು ಗೈಡು, ದೊಡ್ಡ ಮ್ಯಾಪು, ಇಸವಿಯ ಕಾರ್ಡುಗಳು, ರಟ್ಟಿನ ಹಡಗು, ಹಕ್ಕಿಗರಿಯ ಪೆನ್ನು, ಶಾಯಿ ಪುಡಿ, ಮೇಣ ಮತ್ತು ಬತ್ತಿ, ಮೆಕ್ಕೆಜೋಳದ ಹಿಟ್ಟು, 102 ಮರದ ಮಣಿ, ಪೊಕಹಾಂಟಸ್‌ಳ ಕಾಗದದ ಗೊಂಬೆ, ಒಂದು ಹಾರ್ನ್‌ಬುಕ್. ಕೊನೆಯದು ಏನೆಂದರೆ, ಹಿಡಿ ಇರುವ ಮರದ ಹಲಗೆ. ಅದರ ಮೇಲೆ ಅಕ್ಷರಮಾಲೆಯ ಹಾಳೆ ಅಂಟಿಸಿ, ಹಾಳೆ ಹಾಳಾಗದಂತೆ ದನದ ಕೊಂಬನ್ನು ತೆಳ್ಳಗೆ ಸೀಳಿ ಹೊದಿಸುತ್ತಿದ್ದರು. ಆ ಕಾಲದ ಮಕ್ಕಳ ಸ್ಲೇಟು ಅಂತಲೇ ಇಟ್ಟುಕೊಳ್ಳಿ. ನಮ್ಮದಕ್ಕೆ ಕೊಂಬಿನ ಬದಲು ಪ್ಲಾಸ್ಟಿಕ್ ಬಂದಿತ್ತು.

ಮೊದಲ ತಕರಾರು ನಮ್ಮ ಮಳೆಯದ್ದು. ಅದಕ್ಕೆ ಕಂಪನಿಯನ್ನು ದೂರುವುದು ನ್ಯಾಯವಲ್ಲ. ಜೂನ್, ಜುಲೈ ಅಂದರೆ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ. ಎರಡನೇ ವಾರ ತೆಗೆದು ನೋಡಿದರೆ ಶಾಯಿ ಪುಡಿ ಕಲ್ಲಾಗಿತ್ತು. ಜೋಳದ ಹಿಟ್ಟಿಗೆ ಬೂಷ್ಟು. ಮ್ಯಾಪು ಗೋಡೆಯಿಂದ ಸುರುಳಿ ಸುತ್ತಿಕೊಂಡು ಕೆಳಗೆ ಬೀಳುತ್ತಿತ್ತು. ಮೇಣದಬತ್ತಿ ಮಾತ್ರ ಒಳ್ಳೆ ಉಪಯೋಗಕ್ಕೆ ಬಂತು. ಕರಗಿದ ಮೇಣದಲ್ಲಿ ಬತ್ತಿ ಅದ್ದಿ, ಆರಿಸಿ, ಮತ್ತೆ ಅದ್ದಿ, ಹೀಗೆ ಇಪ್ಪತ್ತು ಇಪ್ಪತ್ತೈದು ಸಲ. ವಸಾಹತಿನ ಹೆಂಗಸರು ಚಳಿಗಾಲಕ್ಕೆ ಮುಂಚೆ ಹೀಗೆ ನೂರಾರು ಮಾಡಿಡುತ್ತಿದ್ದರಂತೆ. ಅವತ್ತು ಸಂಜೆ ಹೋದ ಕರೆಂಟ್ ಮೂರು ದಿನ ಬರಲಿಲ್ಲ. ಮಕ್ಕಳು ತಾವೇ ಮಾಡಿದ ಸೊಟ್ಟ ಮೇಣದಬತ್ತಿಯಲ್ಲಿ ಊಟ ಮಾಡಿದರು. ಇಂಥ ಪ್ರಾಕ್ಟಿಕಲ್ ಬಾಸ್ಟನ್ನಿನಲ್ಲಿ ಆಗುತ್ತಿರಲಿಲ್ಲ.

ಈಗ ಪಾಠದ ಪುಸ್ತಕ. ಮೊದಲ ದಿನವೇ ಎಡವಟ್ಟಾಯಿತು. "ಹಡಗು ಬಂದಾಗ ದಡದಲ್ಲಿ ಇಂಡಿಯನ್ನರು ನೋಡುತ್ತಿದ್ದರು" ಅಂತ ಮಗಳು ಓದಿ ಹೇಳಿದಳು. ಮಗ ಕೈಯಲ್ಲಿದ್ದ ಚಕ್ಕುಲಿ ಕೆಳಗಿಟ್ಟ. "ಅಮ್ಮಾ, ನಾವು ಅಲ್ಲಿಗೆ ಯಾವಾಗ ಹೋಗಿದ್ದು?"

1492ರಲ್ಲಿ ಕೊಲಂಬಸ್ ನಮ್ಮ ದೇಶ ಹುಡುಕಿಕೊಂಡು ಹೊರಟದ್ದು, ಬೇರೆಲ್ಲೋ ಇಳಿದದ್ದು, ಅಲ್ಲಿದ್ದವರಿಗೆ ನಮ್ಮ ಹೆಸರು ಅಂಟಿಸಿದ್ದು, ಎಲ್ಲ ಹೇಳಬೇಕಾಯಿತು. ಆ ಮೇಲೆ ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿದೆವು. ಪುಸ್ತಕದಲ್ಲಿ ಆ ಪದ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಆ ಜನರ ನಿಜವಾದ ಹೆಸರು ಬರೆಯುವುದು. ಪ್ಲಿಮತ್ ಕಡೆಯವರು ವಾಂಪನೋಗ್. ವರ್ಜೀನಿಯಾದಲ್ಲಿ ಪೌಹಾಟನ್, ಅವರ ಕೈಕೆಳಗೆ ಸುಮಾರು ಮೂವತ್ತು ಬುಡಕಟ್ಟು. ಮಗಳಿಗೆ ಇದು ಬೇಗ ಹತ್ತಿತು. ನಾವು ಕೊಡಗಿನವರು ಅಂದ ತಕ್ಷಣ ಹೊರಗಿನವರು ಕೊಡವರಾ ಅಂತಾರೆ. ಅಲ್ಲ, ಅರೆಭಾಷೆ ಗೌಡರು ಅಂದರೆ ಮುಖ ನೋಡುತ್ತಾರೆ. ಅವಳು ಅದನ್ನು ಅಲ್ಲೂ ನೋಡಿದ್ದಾಳೆ, ಇಲ್ಲೂ ನೋಡಿದ್ದಾಳೆ.

ಹಡಗಿನ ಪಾಠ ಈ ಬಾಕ್ಸಿನ ಅತ್ಯುತ್ತಮ ಭಾಗ. ಅದಕ್ಕೇ ಅರ್ಧ ದುಡ್ಡು ಕೊಡಬಹುದು. ರಟ್ಟಿನ ಹಡಗು ಜೋಡಿಸುವುದು ಇದೆ, ಅದು ಸಾಧಾರಣ. ಅದರ ಪಕ್ಕದಲ್ಲಿ ಗೈಡಿನಲ್ಲಿ ಚಿಕ್ಕ ಅಕ್ಷರದಲ್ಲಿ ಒಂದು ಸಲಹೆ ಇದೆ: ಮೇಫ್ಲವರನ್ನು ನೆಲದ ಮೇಲೆ ಅಳೆದು ನೋಡಿ. ಇಂಗ್ಲೆಂಡಿನಿಂದ ವಲಸೆ ಹೊರಟ ಪಿಲ್‌ಗ್ರಿಮ್‌ಗಳನ್ನು ಪ್ಲಿಮತ್‌ಗೆ ತಂದ ಹಡಗು ಅದು. ಅಂದಾಜು 100 ಅಡಿ ಉದ್ದ, 25 ಅಡಿ ಅಗಲ.

ಅಷ್ಟು ಜಾಗ ನಮ್ಮಲ್ಲಿ ಇರುವುದು ಕಣದಲ್ಲಿ ಮಾತ್ರ. ಮಳೆಗಾಲದಲ್ಲಿ ಕಾಫಿ ಕಣ ಖಾಲಿ, ಪಾಚಿ ಹಿಡಿದು ಜಾರುತ್ತಿರುತ್ತದೆ. ಒಂದು ದಿನ ಮಧ್ಯಾಹ್ನ ಮಳೆ ಒಂದು ಗಂಟೆ ಬಿಡುವು ಕೊಟ್ಟಿತು. ಮಾವ ತೋಟ ಅಳೆಯುವ ಟೇಪು ತಂದರು. ಸುಣ್ಣ ಹಾಕಿದರೆ ತೊಳೆದುಹೋಗುತ್ತದೆ ಅಂತ ಹಗ್ಗ ಎಳೆದೆವು. ನಮ್ಮ ಕಣ 70 ಅಡಿ. ಹಡಗಿನ ಮೂತಿ ಕಣ ದಾಟಿ ರೊಬಸ್ಟಾ ಗಿಡಗಳ ಒಳಗೆ ಹೋಗಿ ನಿಂತಿತು. ಮಗ ಅಲ್ಲಿಗೆ ಹೋಗಿ ಜಿಗಣೆ ಹತ್ತಿಸಿಕೊಂಡು ಬಂದ.

ಪೂರ್ತಿ ಹಡಗೇನೂ ಜನರಿಗಲ್ಲ. ಜನ ಇದ್ದದ್ದು ನಡುವಿನ ಅಟ್ಟದಲ್ಲಿ. ಅದು ಸುಮಾರು 58 ಅಡಿ ಉದ್ದ, 24 ಅಡಿ ಅಗಲ. ಎತ್ತರ ಐದೂವರೆ ಅಡಿ. ಅಷ್ಟರಲ್ಲಿ 102 ಜನ. ಜೊತೆಗೆ ಬಿಡಿ ಬಿಡಿ ಮಾಡಿ ಇಟ್ಟ ಒಂದು ದೋಣಿಯೂ ಅಲ್ಲೇ. ಮಗಳು ಕುಳಿತು ಲೆಕ್ಕ ಹಾಕಿದಳು. ತಲೆಗೆ 13 ಚದರ ಅಡಿ ಚಿಲ್ಲರೆ. "ಅಂದ್ರೆ ಎಷ್ಟು?" ಅಂತ ಮಗ ಕೇಳಿದ. ಮಾವ ಅವನನ್ನು ಒಳಗೆ ಕರೆದುಕೊಂಡು ಹೋಗಿ ಅಜ್ಜಿಯ ಮಂಚ ಅಳೆದರು. ಮಂಚದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ 66 ದಿನ. ಅತ್ತೆ ಮಲಗಿದ್ದಲ್ಲಿಂದಲೇ, "ವಾಂತಿ ಎಲ್ಲಿ ಮಾಡ್ತಿದ್ದರಂತೆ?" ಅಂದರು. ಇದಕ್ಕೆ ಗೈಡಿನಲ್ಲಿ ಉತ್ತರ ಇರಲಿಲ್ಲ. ಮಕ್ಕಳು ಮಾತ್ರ ಒಂದು ವಾರ ಅದೇ ಪ್ರಶ್ನೆ ಹಿಡಿದುಕೊಂಡಿದ್ದರು.

102 ಮಣಿ ಕೊಟ್ಟದ್ದು ಈ ಪಾಠಕ್ಕೇ. ನಮಗೆ ಬಂದದ್ದು 97. ಕಮ್ಮಿ ಬಿದ್ದ ಐದಕ್ಕೆ ಕಾಫಿ ಬೀಜ ಸೇರಿಸಿದೆವು. ಎಲ್ಲವನ್ನೂ ಮೊರದಲ್ಲಿ ಹರಡಿ, ಒಂದೊಂದು ಮಣಿ ಒಬ್ಬೊಬ್ಬ ಮನುಷ್ಯ ಅಂತ ಎಣಿಸುವುದು. 1620ರ ಕೊನೆಗೆ ದಡ ಸೇರಿದರು. ಆ ಚಳಿಗಾಲ ಮುಗಿಯುವುದರೊಳಗೆ ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು. ಆ ಅರ್ಧವನ್ನು ಮಗು ಕೈಯಾರೆ ಮೊರದಿಂದ ತೆಗೆಯಬೇಕು. ಮಗ ಮೊದಮೊದಲು ಬೇಗ ಬೇಗ ತೆಗೆದ. ಮೂವತ್ತು ದಾಟಿದ ಮೇಲೆ ನಿಧಾನವಾದ. ಕಾಫಿ ಬೀಜ ಒಂದನ್ನೂ ಮುಟ್ಟಲಿಲ್ಲ. "ಇವರು ನಮ್ಮೋರು, ಸಾಯಲ್ಲ" ಅಂದ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಪುಸ್ತಕದಲ್ಲಿ ಇದು ಒಂದು ಸಾಲು ಅಷ್ಟೇ.

ಗರಿಯ ಪೆನ್ನಿನ ಕಥೆ ಬೇರೆ. ಬಾಕ್ಸಿನಲ್ಲಿ ಬಂದದ್ದು ನೀಲಿ ಬಣ್ಣ ಹಚ್ಚಿದ ಗರಿ, ಮದುವೆ ಮನೆಯ ರಿಜಿಸ್ಟರ್ ಹತ್ತಿರ ಇಡುತ್ತಾರಲ್ಲ, ಆ ಥರದ್ದು. ಎರಡು ಅಕ್ಷರ ಬರೆಯುವಷ್ಟರಲ್ಲಿ ತುದಿ ಸೀಳಿತು. ಮಾವನಿಗೆ ಇದು ಸವಾಲಾಯಿತು. ಪಕ್ಕದ ಹೋಮ್‌ಸ್ಟೇಯವರು ದೊಡ್ಡ ಬಾತುಕೋಳಿ ಸಾಕಿದ್ದಾರೆ. ಅಲ್ಲಿಂದ ಉದುರಿದ ರೆಕ್ಕೆಗರಿ ನಾಲ್ಕು ತಂದರು. ಬುಡದ ಪುಕ್ಕ ಕಿತ್ತು, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬಾಣಲೆಯಲ್ಲಿ ಮರಳು ಬಿಸಿ ಮಾಡಿ ಅದರಲ್ಲಿ ಗರಿಯ ತುದಿ ಹೂತಿಟ್ಟೆವು. ಮಂಜು ಮಂಜಾಗಿದ್ದ ತುದಿ ಸ್ವಲ್ಪ ಹೊತ್ತಿಗೆ ಗಾಜಿನ ಹಾಗೆ ತಿಳಿಯಾಗಿ ಗಟ್ಟಿಯಾಯಿತು. ಆಮೇಲೆ ಸಣ್ಣ ಚೂರಿಯಲ್ಲಿ ಓರೆಯಾಗಿ ಕೊಯ್ದು, ನಡುವೆ ಒಂದು ಸೀಳು. ಇಂಗ್ಲಿಷಿನಲ್ಲಿ ಪೆನ್‌ನೈಫ್ ಅನ್ನುವುದು ಈ ಚೂರಿಗೇ ಅಂತ ನನಗೆ ಗೊತ್ತಾದದ್ದು ಅವತ್ತು. ಪೆನ್ನು ಕೊಯ್ಯುವ ಚೂರಿ!

ಶಾಯಿ ಪುಡಿ ಹಾಳಾಗಿತ್ತಲ್ಲ, ಅದಕ್ಕೂ ಮಾವನೇ ದಾರಿ ಹುಡುಕಿದರು. ಕುಶಾಲನಗರದ ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ ತಂದು, ಜಜ್ಜಿ, ಕಬ್ಬಿಣದ ಬಾಣಲೆಯಲ್ಲಿ ತುಕ್ಕು ಹಿಡಿದ ಮೊಳೆ ಹಾಕಿ ಕುದಿಸಿ ಎರಡು ದಿನ ಬಿಟ್ಟರು. ಕಪ್ಪು ಶಾಯಿ ತಯಾರು. ಅವರ ಅಜ್ಜ ಹೀಗೇ ಮಾಡುತ್ತಿದ್ದರಂತೆ. ಪುಸ್ತಕದಲ್ಲಿ ಓಕ್ ಮರದ ಗಂಟಿನಿಂದ ಶಾಯಿ ಮಾಡುವ ವಿಷಯ ಇದೆ. ಎರಡರ ಗುಟ್ಟೂ ಒಂದೇ, ಒಗರು ಮತ್ತು ಕಬ್ಬಿಣ. ಅಟ್ಲಾಂಟಿಕ್‌ನ ಆಚೆ ದಡದ ಮಕ್ಕಳೂ ನಮ್ಮ ಮುತ್ತಜ್ಜನೂ ಹೆಚ್ಚುಕಡಿಮೆ ಒಂದೇ ಶಾಯಿಯಲ್ಲಿ ಬರೆದವರು.

ಆಗಸ್ಟ್ 3ಕ್ಕೆ ಆಟಿ ಹದಿನೆಂಟು ಬಂತು, ಆಟಿ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಕೊಡವರು ಕಕ್ಕಡ ಹದಿನೆಂಟು ಅನ್ನುತ್ತಾರೆ. ಮದ್ದುಸೊಪ್ಪು ಕುದಿಸಿದರೆ ನೇರಳೆ ಬಣ್ಣದ ರಸ ಬರುತ್ತದಲ್ಲ, ಪಾಯಸಕ್ಕೆ ಇಟ್ಟದ್ದರಲ್ಲಿ ಒಂದು ಲೋಟ ಮಗಳು ಕದ್ದು ಗರಿ ಅದ್ದಿ ಬರೆದಳು. ಬರೆಯುವಾಗ ಚೆಂದ, ಒಣಗಿದ ಮೇಲೆ ಮಂಕು. ಇನ್ನೊಂದು ವಿಷಯ ಕಂಡೆವು. ಇಂಗ್ಲಿಷ್ ಅಕ್ಷರಕ್ಕೆ ಗರಿ ಸಲೀಸು. ಕನ್ನಡ ಬರೆಯಲು ಹೋದರೆ ಸುತ್ತು ತಿರುಗುವಲ್ಲಿ ಶಾಯಿ ಸಿಡಿಯುತ್ತದೆ. ನಮ್ಮ ಅಕ್ಷರ ದುಂಡಗಾದದ್ದು ತಾಳೆಗರಿಯ ಮೇಲೆ ಕಂಟದಲ್ಲಿ ಕೊರೆದು ಕೊರೆದು, ನೆಟ್ಟಗೆ ಗೆರೆ ಎಳೆದರೆ ಎಲೆ ಸೀಳುತ್ತದೆ ಅಂತ, ಎಂದು ಮಾವ ಹೇಳಿದರು. ಈ ಪಾಠ 94 ಡಾಲರಿನಲ್ಲಿ ಸೇರಿಲ್ಲ.

ಇನ್ನು ಬೈಗುಳ.

ಸ್ಕ್ವಾಂಟೋ ಅಂತ ಒಬ್ಬ ಬರುತ್ತಾನೆ. ಪುಸ್ತಕದಲ್ಲಿ ಅವನಿಗೆ ಅರ್ಧ ಪುಟ, ನಗುತ್ತಿರುವ ಚಿತ್ರ. ಪಿಲ್‌ಗ್ರಿಮ್‌ಗಳಿಗೆ ಮೆಕ್ಕೆಜೋಳ ನೆಡುವುದು ಕಲಿಸಿದ, ಗುಣಿಗೆ ಮೀನು ಹಾಕುವುದು ಕಲಿಸಿದ, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದ, ಒಳ್ಳೆಯ ಗೆಳೆಯ. ಇಷ್ಟೇ. ಮಗಳು ತಲೆ ಎತ್ತಿ, "ಇಂಗ್ಲಿಷ್ ಎಲ್ಲಿ ಕಲಿತ?" ಅಂದಳು. ಪುಸ್ತಕ ತಿರುವಿದೆ, ಗೈಡು ತಿರುವಿದೆ. ಇಲ್ಲ.

ನಾನೇ ಹುಡುಕಿ ಓದಿದೆ. ಅವನ ಹೆಸರು ಟಿಸ್ಕ್ವಾಂಟಮ್. 1614ರಲ್ಲಿ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ ಇವನನ್ನೂ ಇನ್ನೂ ಹಲವರನ್ನೂ ಮೋಸದಿಂದ ಹಡಗಿಗೆ ಹತ್ತಿಸಿ, ಸ್ಪೇನಿನ ಮಲಗಾ ಪಟ್ಟಣಕ್ಕೆ ಒಯ್ದು ಮಾರಾಟಕ್ಕಿಟ್ಟ. ಅಲ್ಲಿಂದ ಹೇಗೋ ಇಂಗ್ಲೆಂಡ್ ಸೇರಿದ. ಅಲ್ಲಿ ಭಾಷೆ ಕಲಿತ. 1619ರಲ್ಲಿ ಊರಿಗೆ ಮರಳಿದರೆ ಊರೇ ಇಲ್ಲ. ಪಟಕ್ಸೆಟ್ ಅನ್ನುವ ಅವನ ಹಳ್ಳಿಯ ಜನರೆಲ್ಲ ಹೊರಗಿನಿಂದ ಬಂದ ರೋಗಕ್ಕೆ ಸತ್ತಿದ್ದರು. ಮರುವರ್ಷ ಪಿಲ್‌ಗ್ರಿಮ್‌ಗಳು ಬಂದು ಪ್ಲಿಮತ್ ಕಟ್ಟಿದ್ದು ಅದೇ ಜಾಗದಲ್ಲಿ. ಹೊಲ ಆಗಲೇ ಹಸನಾಗಿತ್ತು. ಹಸನು ಮಾಡಿದವರು ಇರಲಿಲ್ಲ.

ಇದನ್ನು ಹತ್ತು ವರ್ಷದ ಹುಡುಗಿಗೆ ಹೇಳಬಾರದಾ? ನಾನು ಹೇಳಿದೆ. ಅವಳು ನಗುವ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಪೆನ್ಸಿಲಿನಲ್ಲಿ ಬಾಯಿಯನ್ನು ನೆಟ್ಟಗೆ ಮಾಡಿದಳು. ಜೋಳದ ಗುಣಿಗೆ ಮೀನು ಹಾಕುವ ಪ್ರಯೋಗ ನಾವೂ ಮಾಡಿದೆವು ಅನ್ನಿ. ಜೋಳ, ಬೀನ್ಸ್, ಕುಂಬಳ ಮೂರನ್ನೂ ಒಂದೇ ಗುಣಿಯಲ್ಲಿ ಹಾಕಬೇಕು. ಜೋಳದ ದಂಟಿಗೆ ಬೀನ್ಸ್ ಹಬ್ಬುತ್ತದೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತದೆ. ಅಡಿಗೆ ಮತ್ತಿ ಮೀನಿನ ತಲೆ ಹಾಕಿದ್ದೆವು. ರಾತ್ರಿ ನಮ್ಮ ನಾಯಿ ಅಷ್ಟನ್ನೂ ಅಗೆದು ತಿಂದಿತು.

ವರ್ಜೀನಿಯಾದ ಪಾಠದಲ್ಲೂ ಇದೇ ಕಥೆ. 1619ಕ್ಕೆ ನಾಲ್ಕು ಪುಟ. ಅದರಲ್ಲಿ ಮೂರೂಮುಕ್ಕಾಲು ಪುಟ ಹೌಸ್ ಆಫ್ ಬರ್ಜೆಸಸ್ ಬಗ್ಗೆ, ಅಂದರೆ ಅಲ್ಲಿನ ಮೊದಲ ಚುನಾಯಿತ ಸಭೆ. ಅದು ದೊಡ್ಡ ವಿಷಯವೇ. ಕೊನೆಗೆ ಒಂದು ಸಾಲು: ಅದೇ ವರ್ಷ ಆಫ್ರಿಕಾದಿಂದ ಕೆಲಸಗಾರರೂ ಬಂದರು. ಬಂದರು ಅಂತೆ! ಟಿಕೆಟ್ ತೆಗೆದುಕೊಂಡು ಬಂದ ಹಾಗೆ. ಇಪ್ಪತ್ತಕ್ಕಿಂತ ಸ್ವಲ್ಪ ಜಾಸ್ತಿ ಜನ. ಅಂಗೋಲಾ ಕಡೆಯಿಂದ ಪೋರ್ಚುಗೀಸರು ಹಿಡಿದು ಸಾಗಿಸುತ್ತಿದ್ದವರನ್ನು ಇಂಗ್ಲಿಷ್ ಹಡಗೊಂದು ನಡುನೀರಿನಲ್ಲಿ ಕಿತ್ತುಕೊಂಡು ತಂದು, ಪಾಯಿಂಟ್ ಕಂಫರ್ಟ್ ಅನ್ನುವಲ್ಲಿ ದವಸಧಾನ್ಯಕ್ಕೆ ಬದಲಾಗಿ ಕೊಟ್ಟಿತು. ಆ ಒಂದು ಸಾಲಿಗೆ ನಾವು ಎರಡು ದಿನ ತೆಗೆದುಕೊಂಡೆವು.

ಹೊಗೆಸೊಪ್ಪಿನ ಪಾಠ ಮಾತ್ರ ಪುಸ್ತಕದಿಂದ ಹೊರಗೆ ಬಂದು ನಿಂತಿತು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನಿಗೆ ಬಂದವರು ಚಿನ್ನ ಹುಡುಕಿದರು. ಸಿಗಲಿಲ್ಲ. 1609ರ ಚಳಿಗಾಲದಲ್ಲಿ ಹಸಿವಿನಿಂದ ಸತ್ತು ಸತ್ತು ಕೋಟೆಯಲ್ಲಿ ಉಳಿದವರು ಸುಮಾರು 60. ಕೊನೆಗೆ ಕೈ ಹಿಡಿದದ್ದು ಹೊಗೆಸೊಪ್ಪು. ಅಲ್ಲಿನದು ಬಾಯಿ ಸುಡುವಷ್ಟು ಘಾಟು. ಜಾನ್ ರಾಲ್ಫ್ ಅನ್ನುವವನು ಕೆರಿಬಿಯನ್ ಕಡೆಯಿಂದ ಬೇರೆ ತಳಿಯ ಬೀಜ ತರಿಸಿ 1612ರ ಹೊತ್ತಿಗೆ ಬೆಳೆದ. ಲಂಡನ್ನಿನಲ್ಲಿ ಒಳ್ಳೆ ರೇಟು ಸಿಕ್ಕಿತು. ಆಮೇಲೆ ಜೇಮ್ಸ್‌ಟೌನಿನ ಬೀದಿಯಲ್ಲೂ ಹೊಗೆಸೊಪ್ಪು ನೆಟ್ಟರಂತೆ. ರೇಟು ಬಂದ ವರ್ಷ ನಮ್ಮವರು ಶುಂಠಿ ಹಾಕುತ್ತಾರಲ್ಲ, ಹಾಗೆ.

ಈ ಪಾಠ ಮುಗಿದ ವಾರವೇ ಅತ್ತೆಯನ್ನು ಚೆಕಪ್‌ಗೆ ಮೈಸೂರಿಗೆ ಕರೆದುಕೊಂಡು ಹೋಗಬೇಕಿತ್ತು. ಕುಶಾಲನಗರ ದಾಟಿ ಪಿರಿಯಾಪಟ್ಟಣ ಹತ್ತಿರ ಬಂದರೆ ರಸ್ತೆಯ ಪಕ್ಕ ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಎತ್ತರದ ಗೋಡೆಯ, ಕಿಟಕಿ ಇಲ್ಲದ ಮನೆ. ಕಟಾವಿನ ಕಾಲ, ಸೌದೆಯ ಹೊಗೆ ಬರುತ್ತಿತ್ತು. ಕಾರು ನಿಲ್ಲಿಸಿದೆ. ಎಲೆಗಳನ್ನು ಕೋಲಿಗೆ ಕಟ್ಟಿ ಸಾಲು ಸಾಲು ತೂಗುಹಾಕುತ್ತಿದ್ದ ರೈತರನ್ನು ಕೇಳಿ ಮಕ್ಕಳಿಗೆ ಒಳಗೆ ತೋರಿಸಿದೆ. ಒಂದು ವಾರದ ಹತ್ತಿರ ಬೆಂಕಿ ಆರದಂತೆ ನೋಡಿಕೊಳ್ಳಬೇಕಂತೆ. ಮಗಳು, "ಇದು ಯಾವ ಜಾತಿ ಹೊಗೆಸೊಪ್ಪು, ಅಣ್ಣಾ?" ಅಂತ ಕೇಳಿದಳು. ಅವರು ತಲೆ ಎತ್ತದೆ, "ವರ್ಜೀನಿಯಾ, ಇನ್ಯಾವುದು" ಅಂದರು.

ಅವಳು ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಎಣಿಸುತ್ತಾ ಬಂದರು, ಇನ್ನೇನೇನು ಅಲ್ಲಿಂದ ಬಂದದ್ದು ಅಂತ. ಮೆಕ್ಕೆಜೋಳ, ಟೊಮೆಟೊ, ಆಲೂಗಡ್ಡೆ, ಸೀಬೆ. ಹಸಿಮೆಣಸು ಅಂದಾಗ ಅತ್ತೆ ನಂಬಲಿಲ್ಲ. ಪರಂಗಿ ಹಣ್ಣು ಅಂದಾಗ, "ಅದಕ್ಕೇ ಪರಂಗಿ ಅನ್ನೋದಾ?" ಅಂದರು.

ಅದೇ ಪಾಠದಲ್ಲಿ 1618ರ ಒಂದು ಕಾನೂನಿನ ವಿಷಯ ಬರುತ್ತದೆ. ವರ್ಜೀನಿಯಾಕ್ಕೆ ಒಬ್ಬರ ಹಡಗಿನ ಖರ್ಚು ಕೊಟ್ಟರೆ 50 ಎಕರೆ ಜಮೀನು. ಹತ್ತು ಜನರದು ಕೊಟ್ಟರೆ 500. ಯಾರ ಜಮೀನು ಯಾರು ಕೊಡುತ್ತಿದ್ದಾರೆ ಅನ್ನುವ ಪ್ರಶ್ನೆ ಪುಸ್ತಕ ಕೇಳುವುದಿಲ್ಲ. ಮಗಳು ಕೇಳಿದಳು. ಆಮೇಲೆ ಅಜ್ಜನ ಕಡೆ ತಿರುಗಿ, "ನಮ್ಮ ತೋಟ ಮೊದಲು ಯಾರದ್ದಿತ್ತು?" ಅಂದಳು.

"ಬಿಳಿ ದೊರೆಯದ್ದು. ನಮ್ಮಪ್ಪ ಕೊಂಡದ್ದು."

"ಅದಕ್ಕೆ ಮುಂಚೆ?"

"ಕಾಡು."

"ಕಾಡಲ್ಲಿ ಯಾರಿದ್ದರು?"

ಮಾವ ಮೆಣಸಿನ ಬಳ್ಳಿ ನೋಡಿ ಬರುತ್ತೇನೆ ಅಂತ ಎದ್ದು ಹೋದರು. ರಾತ್ರಿ ಊಟದ ಹೊತ್ತಿಗೆ ತಾವಾಗಿಯೇ ಎರವರ ವಿಷಯ, ಜೇನುಕುರುಬರ ವಿಷಯ ತೆಗೆದರು. ತುಂಬಾ ಹೊತ್ತು ಮಾತಾಡಿದರು.

ಪೊಕಹಾಂಟಸ್ ಗೊಂಬೆಗೆ ಬರುತ್ತೇನೆ. ಕಾಗದದ ಹುಡುಗಿ, ಎರಡು ಬಟ್ಟೆ. ಒಂದು ಜಿಂಕೆ ಚರ್ಮದ್ದು, ಇನ್ನೊಂದು ಲಂಡನ್ನಿನ ಗೌನು, ಕತ್ತಿಗೆ ಗಟ್ಟಿ ಕಾಲರು. ಬಟ್ಟೆ ಬದಲಿಸುತ್ತಾ ಕಥೆ ಹೇಳಿ ಅಂತ ಗೈಡು. ಕಥೆ ಏನೆಂದರೆ, ಅವಳು ಪೌಹಾಟನ್ ದೊರೆಯ ಮಗಳು. 1613ರಲ್ಲಿ ಇಂಗ್ಲಿಷರು ಅವಳನ್ನು ಹಿಡಿದು ಒತ್ತೆ ಇಟ್ಟುಕೊಂಡರು. ಅಲ್ಲೇ ಕ್ರೈಸ್ತಳಾದಳು, ರೆಬೆಕ್ಕಾ ಅಂತ ಹೆಸರಿಟ್ಟರು. 1614ರಲ್ಲಿ ಅದೇ ಹೊಗೆಸೊಪ್ಪಿನ ಜಾನ್ ರಾಲ್ಫ್ ಜೊತೆ ಮದುವೆ. 1616ರಲ್ಲಿ ವರ್ಜೀನಿಯಾ ಕಂಪನಿ ಅವಳನ್ನು ಇಂಗ್ಲೆಂಡಿಗೆ ಕರೆಸಿತು, ನೋಡಿ ನಮ್ಮ ವಸಾಹತು ಎಷ್ಟು ಚೆನ್ನಾಗಿದೆ ಅಂತ ದುಡ್ಡು ಹಾಕುವವರಿಗೆ ತೋರಿಸಲು. ರಾಜನ ಮುಂದೆ ಹಾಜರು ಮಾಡಿದರು. ಊರಿಗೆ ಹೊರಟವಳು ದಾರಿಯಲ್ಲೇ, 1617ರಲ್ಲಿ, ಥೇಮ್ಸ್ ದಡದ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು. ವಯಸ್ಸು 21ರ ಆಸುಪಾಸು.

ಮಂಚದ ಮೇಲಿಂದ ಅತ್ತೆ ಹೇಳಿದರು, "ಇದು ನಮ್ಮ ಗೌರಮ್ಮನ ಕಥೆಯೇ ಅಲ್ವಾ?"

ನನಗೆ ಹೊಳೆದೇ ಇರಲಿಲ್ಲ. ಕಥೆಗಾರ್ತಿ ಕೊಡಗಿನ ಗೌರಮ್ಮ ಬೇರೆ. ಇವಳು ಚಿಕ್ಕವೀರರಾಜೇಂದ್ರನ ಮಗಳು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡು ರಾಜನನ್ನು ಕಾಶಿಗೆ ಕಳಿಸಿತು. ಗೌರಮ್ಮ ಹುಟ್ಟಿದ್ದೇ ಅಲ್ಲಿ, 1841ರಲ್ಲಿ. 1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ, ಕಂಪನಿಯ ಹತ್ತಿರ ಇದ್ದ ತನ್ನ ದುಡ್ಡು ಕೇಳಲು. ಅದೇ ವರ್ಷ ಹುಡುಗಿಗೆ ದೀಕ್ಷಾಸ್ನಾನ ಆಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆ, ವಿಕ್ಟೋರಿಯಾ ಅಂತ ಹೆಸರೂ ಅವಳದ್ದೇ. ಮುಂದೆ ಬ್ರಿಟಿಷ್ ಅಧಿಕಾರಿಯೊಬ್ಬನ ಜೊತೆ ಮದುವೆ. 1864ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. 23 ತುಂಬಿರಲಿಲ್ಲ.

ಅಲ್ಲೊಂದು ಕಂಪನಿ, ಇಲ್ಲೊಂದು ಕಂಪನಿ. ಆಮೇಲೆ ನೋಡಿದರೆ ಮೊದಮೊದಲು ಎರಡರ ಯಜಮಾನನೂ ಒಬ್ಬನೇ. ಸರ್ ಥಾಮಸ್ ಸ್ಮಿತ್ ಅಂತ ಲಂಡನ್ನಿನ ವ್ಯಾಪಾರಿ. 1600ರಲ್ಲಿ ಶುರುವಾದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಅವನು, ವರ್ಜೀನಿಯಾ ಕಂಪನಿಯನ್ನು ವರ್ಷಗಟ್ಟಲೆ ನಡೆಸಿದವನೂ ಅವನೇ. 24 ವಾರದ ಪುಸ್ತಕದಲ್ಲಿ ಇವನ ಹೆಸರು ಒಂದು ಕಡೆಯೂ ಇಲ್ಲ. ಬಿಡುವಾದ ಮೇಲೆ ಮಕ್ಕಳನ್ನು ಮಡಿಕೇರಿ ಕೋಟೆಗೆ ಕರೆದುಕೊಂಡು ಹೋದೆ. ಮಗ ಕಲ್ಲುಗಾರೆಯ ಆನೆಯ ಹತ್ತಿರ ನಿಂತ. ಮಗಳು ಮನೆಗೆ ಬಂದು ಪೊಕಹಾಂಟಸ್ ಗೊಂಬೆಗೆ ಮೂರನೇ ಬಟ್ಟೆ ಬರೆದಳು. ಸೀರೆ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸೇಲಂ ಮಾಟಗಾತಿಯರ ವಿಚಾರಣೆ, 1692, 19 ಜನರನ್ನು ನೇಣಿಗೆ ಹಾಕಿದ್ದು, ಚೆನ್ನಾಗಿ ಬರೆದಿದ್ದಾರೆ. ಊರಿನಲ್ಲಿ ಗುಸುಗುಸು ಹೇಗೆ ಹಬ್ಬುತ್ತದೆ ಅಂತ ಹಳ್ಳಿಯಲ್ಲಿ ಬೆಳೆದ ಯಾರಿಗೂ ವಿವರಿಸಬೇಕಿಲ್ಲ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಎಲ್ಲ ಓಡಿಸಿದ್ದಾರೆ. ನ್ಯೂ ಆಮ್‌ಸ್ಟರ್‌ಡ್ಯಾಂ 1664ರಲ್ಲಿ ನ್ಯೂಯಾರ್ಕ್ ಆದದ್ದಕ್ಕೆ ಬಣ್ಣ ತುಂಬುವ ಒಂದು ಹಾಳೆ. ವಾರದ ಪರೀಕ್ಷೆಗಳು ದಂಡ, ಇಸವಿ ಬಿಟ್ಟು ಬೇರೇನೂ ಕೇಳುವುದಿಲ್ಲ. ಇಸವಿ ಕಾರ್ಡಿನಲ್ಲಿ ಜಾರ್ಜಿಯಾ ಎರಡು ಬಂದಿತ್ತು, ರೋಡ್ ಐಲೆಂಡ್ ಇರಲಿಲ್ಲ. ಮೇಲ್ ಬರೆದೆ. ಎರಡು ದಿನಕ್ಕೆ ಉತ್ತರ ಬಂತು, ಕಾರ್ಡಿನ ಫೈಲು ಕಳಿಸಿದರು, ಕಮ್ಮಿ ಬಿದ್ದ ಮಣಿಗೆ ಕ್ಷಮೆ ಕೇಳಿ 5 ಡಾಲರಿನ ಕೂಪನ್ನೂ ಕೊಟ್ಟರು. ಅದು ಮುಂದಿನ ಬಾಕ್ಸಿಗೆ ಮಾತ್ರ. 1773ರಲ್ಲಿ ಬಾಸ್ಟನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಎಸೆದ ಕಥೆ ಅದರಲ್ಲಿ ಇದೆಯಂತೆ. ಆ ಮೇಲೆ ಅಮೆರಿಕದವರು ಕಾಫಿ ಕಡೆ ವಾಲಿದರು ಅಂತ ಮಾವನಿಗೆ ಹೇಳಿದ್ದೇ ತಪ್ಪಾಯಿತು. ಅದನ್ನು ಖಂಡಿತ ತರಿಸು ಅನ್ನುತ್ತಿದ್ದಾರೆ.

1621ರ ಸುಗ್ಗಿಯ ಊಟದ ಪಾಠ ನವೆಂಬರಿಗೆ ಇತ್ತು. ನಾನು ಬೇಕಂತಲೇ ತಡ ಮಾಡಿ ನಮ್ಮ ಸುಗ್ಗಿಹಬ್ಬ ಹುತ್ತರಿಗೆ ಸೇರಿಸಿದೆ. ಮೂರು ದಿನದ ಊಟ. ಮಾಸಸೋಯಿಟ್ ಅನ್ನುವ ವಾಂಪನೋಗ್ ದೊರೆ 90 ಜನರನ್ನು ಕರೆದುಕೊಂಡು ಬಂದಿದ್ದ. ಪಿಲ್‌ಗ್ರಿಮ್‌ಗಳು ಐವತ್ತು ಚಿಲ್ಲರೆ. ಐದು ಜಿಂಕೆ ತಂದದ್ದು ಬಂದವರೇ. ಬಂದೂಕು ಹಾರಿಸುವ ಆಟವೂ ಇತ್ತು. ಗದ್ದೆಯಲ್ಲಿ ಕದಿರು ತೆಗೆದು ಕೋವಿ ಹಾರಿಸಿದಾಗ ಮಗ ಕಿವಿ ಮುಚ್ಚಿಕೊಂಡು, "90 ಜನ ಬರ್ತಾರಾ ಈಗ?" ಅಂತ ಕೇಳಿದ.

ಕೊಳ್ಳಬಹುದಾ ಅಂದರೆ, 5ಕ್ಕೆ 3 ಕೊಡುತ್ತೇನೆ. ಕೈಯಿಂದ ಮಾಡುವ ಕೆಲಸಕ್ಕೆ 5, ಪುಸ್ತಕಕ್ಕೆ ಒಂದೂವರೆ. ಪುಸ್ತಕ ಪೂರ್ತಿ ಹಡಗಿನಲ್ಲಿ ನಿಂತು ದಡ ನೋಡುತ್ತಾ ಬರೆದದ್ದು. ದಡದಿಂದ ಹಡಗು ಹೇಗೆ ಕಂಡಿತು ಅಂತ ಹೇಳುವುದು ನಿಮ್ಮ ಪಾಲಿಗೆ ಬರುತ್ತದೆ. ದಿನಾ ರಾತ್ರಿ ಒಂದು ಗಂಟೆ ನೀವೇ ಓದಿಕೊಳ್ಳುವ ತಾಳ್ಮೆ ಇದ್ದರೆ ತರಿಸಿ. ಪುಸ್ತಕ ಮಕ್ಕಳ ಕೈಗೆ ಕೊಟ್ಟು ಅಡುಗೆ ಮನೆಗೆ ಹೋಗುವವರಿಗೆ ಬೇಡ. ಮಳೆಗಾಲದಲ್ಲಿ ತರಿಸುವುದಾದರೆ ಗಾಳಿಯಾಡದ ಡಬ್ಬಿ ಮೊದಲೇ ತೆಗೆದಿಡಿ.

ನಮ್ಮದು ಮುಗಿದಿದೆ. ಕಣದಲ್ಲಿ ಈಗ ಕಾಫಿ ಹಣ್ಣು ಹರಡಿದೆ, ಹಡಗಿಗೆ ಜಾಗ ಇಲ್ಲ. ಹತ್ತಿರದವರು ಯಾರಾದರೂ ಕೇಳಿದರೆ ಮ್ಯಾಪು, ಕಾರ್ಡು, ಮಣಿ, ನಮ್ಮ ಪೆನ್ಸಿಲ್ ಗುರುತಿರುವ ಪುಸ್ತಕ ಎಲ್ಲ ಸುಮ್ನೆ ಕೊಡುತ್ತೇನೆ. ಹಾರ್ನ್‌ಬುಕ್ ಕೊಡುವ ಹಾಗಿಲ್ಲ. ಅದರ ಪ್ಲಾಸ್ಟಿಕ್ಕಿನ ಮೇಲೆ ಬರೆದರೆ ಒರೆಸಬಹುದು ಅಂತ ಮಾವ ಕಂಡುಕೊಂಡಿದ್ದಾರೆ. ಕಾಫಿ ಕುಯ್ಯುವವರ ಹಾಜರಿ ಈಗ ಅದರಲ್ಲೇ, ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದೆ.